ಅಗ್ಗದ ಬೇಸ್ ಗಿಟಾರಿಗೆ ಊರೂರಲ್ಲಿ ಪರೀಕ್ಷೆ

ಬೇಸ್ ಗಿಟಾರ್ ಬಾರಿಸುವವನ ಜೀವನದಲ್ಲಿ ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ತಬಲಾದವನಿಗೆ ಆಗುವುದಿಲ್ಲ, ಹಾರ್ಮೋನಿಯಂನವನಿಗೆ ಆಗುವುದಿಲ್ಲ. ಅವರೇನು ಮಾಡುತ್ತಾರೆಂದು ನಮ್ಮ ಬಾಗಲಕೋಟೆ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ನಾನೇನು ಮಾಡುತ್ತೇನೆ ಎಂಬುದು ಮಾತ್ರ ನನ್ನ ಹೆಂಡತಿಗೂ ಪೂರ್ತಿ ಗೊತ್ತಿಲ್ಲ.

ಹಗಲು ಇಳಕಲ್ಲಿನ ಒಂದು ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಚಿಡುವುದು ನನ್ನ ಕೆಲಸ. ಸಂಜೆ ಕಾರ್ಯಕ್ರಮವಿದ್ದರೆ ಆರ್ಕೆಸ್ಟ್ರಾ. ಒಮ್ಮೆ ಟೆಂಪೋದಲ್ಲಿ ಹೋಗುವಾಗ ಸ್ಪೀಕರ್ ಡಬ್ಬಿ ಮೇಲೆ ಬಿದ್ದು ನನ್ನ ಹಳೇ ಗಿಟಾರಿನ ಕುತ್ತಿಗೆ ಮುರಿಯಿತು. ನಮ್ಮ ಆರ್ಕೆಸ್ಟ್ರಾ ಮಾಲೀಕರು ಅದರ ಎರಡು ತುಂಡನ್ನೂ ಜೋಡಿಸಿ ನೋಡಿ, "ಹೊಸಾದು ಬೇಕ ಅಂತೀಯೇನಪಾ? ಕೀಬೋರ್ಡಿನಾಂವ ಎಡಗೈಲೆ ಆ ಗುಂಯ್ ಗುಂಯ್ ಬಾರಸ್ತಾನಲ್ಲ" ಎಂದರು.

ಗಿಟಾರ್ ಹೋದರೆ ಹೋಗಲಿ, ಸ್ಟೇಜಿನ ಮೇಲಿನ ನನ್ನ ಜಾಗವೇ ಹೋಗುತ್ತದಲ್ಲ!

"ಕಡಿಮಿ ರೇಟಿಂದು ಒಂದು ತರಸ್ತೇನ್ರಿ. ಮದುವಿ, ಭಜನಿ, ಕವ್ವಾಲಿ, ಎಲ್ಲಾಕ್ಕೂ ನಡಿತೈತಂತ" ಎಂದೆ.

"ತರಸು. ಈ ಸೀಸನ್ ನೋಡೂಣು. ಜನಾ ಬೇಕಂದ್ರ ಇರು. ಇಲ್ಲಂದ್ರ ವಾಯರ್ ಸುತ್ತೂ ಕೆಲಸಾ ನೋಡ್ಕೊ."

ಹೀಗೆ ಆ ಗಿಟಾರಿಗೂ ನನಗೂ ಕೂಡಿಯೇ ಪರೀಕ್ಷೆ ಶುರುವಾಯಿತು.

ತಂತಿ ಕಡಿಮಿ ಅದಾವ

ಪಾರ್ಸಲ್ ಬಂದ ದಿನ ಡಬ್ಬಿ ಬಿಚ್ಚುವುದಕ್ಕೆ ನನಗಿಂತ ನಮ್ಮವ್ವನಿಗೇ ಅವಸರ. ಗಿಟಾರ್ ಹೊರಬಂದಿತು. ಕಪ್ಪು ಬಣ್ಣ, ಹೊಳೆಯುವ ಮೈ. ಅವ್ವ ಬೆರಳಿಟ್ಟು ತಂತಿ ಎಣಿಸಿದಳು.

"ನಾಕ ಅದಾವಲ್ಲೋ! ಟೀವಿಯೊಳಗ ಆ ಹುಡುಗಿ ಬಾರಸ್ತಾಳಲ್ಲ, ಅಕಿದಕ್ಕ ಆರು ಅದಾವ."

"ಅವ್ವಾ, ಇದು ಬೇಸ್ ಗಿಟಾರ್. ಇದಕ್ಕ ನಾಕ ಇರ್ತಾವ."

"ಮಾರಾಂವ ಹಂಗ ಹೇಳಿರ್ತಾನ. ಮೊನ್ನೆ ನಿಮ್ಮ ಅಂಗಡಿಯೊಳಗ ಕುಚ್ಚ ಇಲ್ಲದ ಸೀರಿನ ಹೊಸಾ ಫ್ಯಾಶನ್ ಅಂತ ನೀನ ಮಾರಲಿಲ್ಲೇನು?"

ಅವ್ವ ಓಣಿಗೆ ಓಡಿ, ಗಾಡಿ ಕಿಕ್ ಹೊಡೆಯುತ್ತಿದ್ದ ಪಾರ್ಸಲ್‌ನವನನ್ನು ನಿಲ್ಲಿಸಿದಳು. "ತಮ್ಮಾ, ಉಳದ ಎರಡು ತಂತಿ ಯಾವಾಗ ಬರ್ತಾವೋ?"

ಅವನಿಗೆ ಇನ್ನೂ ಅರ್ಧ ಊರು ತಿರುಗುವುದಿತ್ತು. "ನಾಳೆ ಬರ್ತಾವ್ರೀ ಅವ್ವಾರ" ಎಂದು ಹೋಗಿಬಿಟ್ಟ. ಅವ್ವ ಒಳಗೆ ಬಂದು ಸಮಾಧಾನದಿಂದ ಹೇಳಿದಳು: "ನೋಡು, ಬಾಯಿ ಬಿಟ್ಟು ಕೇಳಿದ್ದಕ್ಕ ಕೊಡಾಕ ಒಪ್ಪಿದ್ರು."

ಮೊದಲ ಸದ್ದು

ಆ ಅಗ್ಗದ ಗಿಟಾರ್ ಹೇಗಿತ್ತು ಎಂದರೆ, ಖರೆ ಹೇಳಬೇಕು, ಚೆನ್ನಾಗಿಯೇ ಇತ್ತು. ಹಗುರ ಮೈ, ನುಣ್ಣನೆಯ ಕುತ್ತಿಗೆ. ಎರಡು ಗುಂಡಿ ತಿರುಗಿಸಿದರೆ ಅದೇ ಗಿಟಾರ್ ಎರಡು ಥರ ಮಾತಾಡುತ್ತಿತ್ತು: ಅತ್ತ ತಿರುಗಿಸಿದರೆ ಬಾವಿಯೊಳಗಿಂದ ಕೂಗಿದಂಥ ದಪ್ಪ ದನಿ, ಇತ್ತ ತಿರುಗಿಸಿದರೆ ಹಲಗೆ ಬಡಿದಂಥ ಚುರುಕು ದನಿ. ದಪ್ಪ ದನಿಯನ್ನು ಸರಿಯಾಗಿ ನೋಡಬೇಕೆಂದು ಸ್ಪೀಕರ್ ಜೋರು ಮಾಡಿ ಎಲ್ಲಕ್ಕಿಂತ ಕೆಳಗಿನ ಸ್ವರ ಎಳೆದೆ.

ಅಡುಗೆಮನೆಯಲ್ಲಿ ಹಲಗೆ ಮೇಲಿನ ಪಾತ್ರೆಗಳೆಲ್ಲ ಝಣಝಣ ಅಂದವು. ಒಂದು ತಾಟು ಉರುಳಿ ಕೆಳಗೆ ಬಿತ್ತು. ಮರುಗಳಿಗೆಗೆ ಮಗ್ಗಲ ಮನೆಯ ಅಕ್ಕ ಕೈಯಲ್ಲಿ ಸೌಟು ಹಿಡಿದು ಓಣಿಯಲ್ಲಿ ಕೂಗುತ್ತಿದ್ದರು: "ಎಲ್ಲಾರೂ ಹೊರಗ ಬರ್ರೀ! ಖಣಿಯೊಳಗ ದೊಡ್ಡ ಬ್ಲಾಸ್ಟ್ ಆಗೈತಿ!"

ನಮ್ಮೂರಲ್ಲಿ ಕಲ್ಲಿನ ಖಣಿಗಳಿರುವುದರಿಂದ ಯಾರೂ ಅನುಮಾನ ಪಡಲಿಲ್ಲ. ಓಣಿ ತುಂಬ ಜನ. ಗಾಬರಿಯಲ್ಲಿ ನಾನೂ ಕೊರಳಲ್ಲಿ ಗಿಟಾರ್ ಇದ್ದಹಾಗೇ ಬಾಗಿಲಿಗೆ ಬಂದೆ. ಚೌಕಟ್ಟಿಗೆ ತಾಗಿ ತಂತಿ ಮತ್ತೊಮ್ಮೆ ಗುಂಯ್ ಎಂದಿತು. ಎಲ್ಲರೂ ನನ್ನತ್ತ ತಿರುಗಿದರು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಲಿ ಮ್ಯಾಲ ಬ್ಯಾಳಿ ಬಿಟ್ಟು ಓಡಿ ಬಂದೇನಿ. ಇನ್ನ ಮ್ಯಾಲ ಬಾರಿಸೂದಿದ್ರ ಖಣಿಯವರಂಗ ಮೊದ್ಲ ಸೈರನ್ ಹೊಡಿ!"

ಹುನಗುಂದದ ಚಾಚಾ

ಮೊದಲ ಕಾರ್ಯಕ್ರಮ ಹುನಗುಂದದಲ್ಲಿ ಒಂದು ಶಾದಿ. ಡೋಲಕ್, ಪ್ಯಾಡು, ಕೀಬೋರ್ಡು ಎಲ್ಲ ಸೇರಿ ಮಂಟಪ ಹಾರಿಸುವ ಸದ್ದು. ಹುಡುಗರು ಬೆವರು ಸುರಿಸಿ ಕುಣಿಯುತ್ತಿದ್ದರು. ಮದುಮಗಳ ಚಾಚಾ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದವರು ಸ್ಟೇಜಿನ ಹತ್ತಿರ ಬಂದರು.

"ಯಾಕ ಭಾಯ್, ನೀವ್ಯಾಕ ಸುಮ್ನ ನಿಂತೀರಿ?"

"ಬಾರಸಾಕತ್ತೇನ್ರಿ ಚಾಚಾ."

ಅವರು ಗಿಟಾರಿಗೆ ಕಿವಿ ಹಚ್ಚಿದರು. ತಲೆ ಅಲ್ಲಾಡಿಸಿದರು. "ಏನೂ ಕೇಳಸವಲ್ದು. ಬೆರಳಾಗ ತಾಕತ್ತ ಇಲ್ಲ ನಿಮಗ. ಮುಂಜಾನಿಂದ ಏನೂ ಉಂಡಿಲ್ಲ ಹೌದಲ್ಲ?"

ಬೇಡವೆಂದರೂ ಕೇಳಲಿಲ್ಲ. ಬಿರಿಯಾನಿ ತುಂಬಿದ ತಾಟು ತಂದು ಕೈಗೇ ಕೊಟ್ಟರು. ಹಿರಿಯರ ಮಾತು ಮೀರಬಾರದು, ಮೇಲಾಗಿ ಬಿರಿಯಾನಿ. ಸ್ಟೇಜಿನ ಮೂಲೆಯಲ್ಲಿ ಕೂತು ಉಣ್ಣತೊಡಗಿದೆ.

ಆಗ ಒಂದು ವಿಚಿತ್ರ ನಡೆಯಿತು. ಕುಣಿಯುವವರ ಕಾಲು ನಿಧಾನವಾದವು. ಒಬ್ಬ ನಿಂತ, ಇನ್ನೊಬ್ಬ ನಿಂತ. "ಯಾಕೋ ಏನೋ, ದಮ್ ಇಲ್ಲದಂಗ ಆಗೈತಿ" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಬಾಯಲ್ಲಿ ತುತ್ತು ಇದ್ದರೂ ಮಾಲೀಕರತ್ತ ಕೈ ತೋರಿಸಿ, ನೋಡಿದ್ರಾ, ನಾ ನಿಲ್ಲಿಸಿದ್ದಕ್ಕ ಹಿಂಗಾತು ಎಂದು ಸನ್ನೆ ಮಾಡಿದೆ.

ಅಷ್ಟರಲ್ಲಿ ಚಾಚಾ ಮೈಕ್ ಕಸಿದುಕೊಂಡರು: "ನಾ ಹೇಳಲಿಲ್ಲಾ? ಎಲ್ಲಾರಿಗೂ ಹಸಿವಿ ಆಗೈತಿ! ನಡೀರಿ ಊಟಕ್ಕ!"

ಬಾದಾಮಿಯ ಸನ್ಮಾನ

ಅಗ್ಗದ ವಸ್ತುವಿನಲ್ಲಿ ಒಂದಾದರೂ ಐಬು ಇರಲೇಬೇಕಲ್ಲ. ಇದರ ಮೈ ಹಗುರ, ತಲೆ ಭಾರ. ಕೈ ಬಿಟ್ಟರೆ ಕುತ್ತಿಗೆ ಕೆಳಗೆ ಬಾಗುತ್ತಿತ್ತು. ಬಾದಾಮಿಯಲ್ಲಿ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಹೋದಾಗ ಅದು ನನಗಿನ್ನೂ ರೂಢಿಯಾಗಿರಲಿಲ್ಲ.

ನಾವು ಹಿಂದೆ ನಿಂತಿದ್ದೆವು, ಮುಂದೆ ಮುಖ್ಯ ಅತಿಥಿಗಳಿಗೆ ಶಾಲು ಹೊದಿಸುತ್ತಿದ್ದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದೆ. ಗಿಟಾರಿನ ತಲೆ ಮೆಲ್ಲಗೆ ಇಳಿದು, ಅತಿಥಿಗಳ ಹೆಗಲ ಮೇಲೆ ಆಗಷ್ಟೇ ಕೂತಿದ್ದ ಶಾಲಿನೊಳಗೆ ಹೊಕ್ಕಿತು. ಗಾಬರಿಯಾಗಿ ಮೇಲೆತ್ತಿದೆ. ಶಾಲೂ ಮೇಲೆದ್ದು ಬಂತು. ಅತಿಥಿಗಳು ಬರಿ ಹೆಗಲಲ್ಲಿ ಕೈಮುಗಿದು ನಿಂತಿದ್ದಾರೆ, ಗಿಟಾರು ಶಾಲು ಹೊದ್ದು ನಿಂತಿದೆ, ಫೋಟೋದವರು ಟಕಟಕ ಫೋಟೋ ಹೊಡೆಯುತ್ತಿದ್ದಾರೆ.

ನಿರೂಪಕಿ ಹಾಳೆಯಿಂದ ತಲೆ ಎತ್ತದೆ ಮುಂದಿನ ಸಾಲು ಓದಿದರು: "ಇವರ ನಿಸ್ವಾರ್ಥ ಸೇವೆಗೆ ಈ ಸನ್ಮಾನ ಎಂದೋ ಸಲ್ಲಬೇಕಿತ್ತು."

ಚೊಳಚಗುಡ್ಡದ ಅಜ್ಜ

ಚೊಳಚಗುಡ್ಡದ ಭಜನೆಯಲ್ಲಿ ಏನೂ ಅನಾಹುತ ಆಗಲಿಲ್ಲ. ಅಜ್ಜ ಒಬ್ಬರು ನನ್ನ ಸ್ಪೀಕರಿಗೇ ಬೆನ್ನು ಆನಿಸಿ ಕಣ್ಣು ಮುಚ್ಚಿ ಕೊನೆಯತನಕ ಕೂತಿದ್ದರು. ಕಡೆಗೊಬ್ಬ ರಸಿಕರು ಸಿಕ್ಕರಲ್ಲ ಎಂದು ನಾನೂ ಮನಸಾರೆ ಬಾರಿಸಿದೆ. ಮುಗಿದ ಮೇಲೆ ನನ್ನ ತಲೆ ಮೇಲೆ ಕೈಯಿಟ್ಟರು.

"ಛಲೋ ಬಾರಸ್ತೀಪಾ. ಬೆನ್ನ ನೋವು ಎಲ್ಲಾ ಇಳೀತು."

ರಾಮಥಾಳದ ಎಮ್ಮೆ

ಸೀಸನ್ನಿನ ಕಡೆಯ ಕಾರ್ಯಕ್ರಮ ರಾಮಥಾಳದಲ್ಲಿ. ಬೀರಪ್ಪನ ಭಕ್ತರ ಮನೆ. ಹೊಸ ಮನೆಯ ವಾಸ್ತು ಶಾಂತಿ. ಮುಂಜಾನೆ ಡೊಳ್ಳು ಆಗಿತ್ತು, ಸಂಜೆಗೆ ನಮ್ಮ ಆರ್ಕೆಸ್ಟ್ರಾ. ಟೆಂಪೋ ಇಳಿಯುವಾಗಲೇ ಮಾಲೀಕರು ನನಗೆ ಹೇಳಿದ್ದರು: "ಇದ ಕಡೀದು ನೋಡಪಾ. ಇಲ್ಲಿತನಾ ನಿನ್ನ ಗಿಟಾರ್ ಬೇಕು ಅಂತ ಒಬ್ಬರೂ ಅಂದಿಲ್ಲ."

ಸ್ಟೇಜಿನ ಹಿಂದೆಯೇ ದನದ ಕೊಟ್ಟಿಗೆ. ಅಲ್ಲೊಂದು ಎಮ್ಮೆ. ಸಂತೆಯಿಂದ ತಂದಾಗಿನಿಂದ ಅದು ಹಾಲು ಕೊಡುತ್ತಿಲ್ಲ, ಹತ್ತಿರ ಹೋದರೆ ಒದೆಯುತ್ತದೆ ಎಂದು ಮನೆಯ ಯಜಮಾನತಿ ಚಹಾ ಕೊಡುವಾಗ ದುಃಖ ತೋಡಿಕೊಂಡಿದ್ದರು.

ನಮ್ಮ ಹಾಡುಗಾರ್ತಿ ನಿಧಾನದ ಒಂದು ಭಕ್ತಿಗೀತೆ ಎತ್ತಿಕೊಂಡರು. ಪಲ್ಲವಿ ಮುಗಿದಲ್ಲಿ ನಾನು ಕೆಳಗಿನ ಸ್ವರವನ್ನು ಉದ್ದಕ್ಕೆ ಎಳೆದೆ. ಹಿಂದಿನಿಂದ ಅದೇ ಶ್ರುತಿಯಲ್ಲಿ ಉತ್ತರ ಬಂತು: "ಆಂಯ್‌ಯ್‌ಯ್!"

ಜನ ನಕ್ಕರು. ಹಾಡುಗಾರ್ತಿ ನನ್ನತ್ತ ಕೆಂಗಣ್ಣು ಬಿಟ್ಟರು. ನಾನು ಮತ್ತೆ ಎಳೆದೆ. ಎಮ್ಮೆ ಮತ್ತೆ ಓಗೊಟ್ಟಿತು. ಮಾಲೀಕರು ನನಗೆ ನಿಲ್ಲಿಸೆಂದು, ಕೀಬೋರ್ಡಿನವನಿಗೆ ಎಡಗೈಯಲ್ಲಿ ಬಾರಿಸೆಂದು ಸನ್ನೆ ಮಾಡಿದರು. ಅವನು ಬಾರಿಸಿದ. ಎಮ್ಮೆ ಗಪ್‌ಚಿಪ್.

"ಏ, ಅವ್ನ ಬಿಡ್ರೀ! ಆ ಉದ್ದ ಗಿಟಾರಿನಾಂವ ಬಾರಸ್ಲಿ!" ಎಂದು ಜನ ಕೂಗಿದರು. ನನ್ನ ಆಯುಷ್ಯದಲ್ಲಿ ಮೊದಲ ಸಲ ಜನ ನನ್ನನ್ನು ಬೇಕು ಅಂದಿದ್ದರು. ಕಣ್ಣು ಒದ್ದೆಯಾದವು. ತಂತಿ ಎಳೆದೆ. ಎಮ್ಮೆ ಆಲಾಪ ಎತ್ತಿತು. ಅಷ್ಟರಲ್ಲಿ ಕೊಟ್ಟಿಗೆಯೊಳಗಿಂದ ಯಜಮಾನತಿಯ ದನಿ ಕೇಳಿತು: "ನಿಲ್ಲಸಬ್ಯಾಡ್ರೀ! ಹಾಲ ಬಿಡಾಕತ್ತೈತಿ!"

ಹಾಡುಗಾರ್ತಿ ಕುರ್ಚಿ ಹಿಡಿದು ಕೂತರು. ತಬಲಾದವನು ಕೈ ಕಟ್ಟಿದ. ಇಡೀ ಊರು ಉಸಿರು ಬಿಗಿಹಿಡಿದು ಕೂತಿತ್ತು. ಗುಂಯ್ ಎಂದು ನನ್ನ ತಂತಿ, ಚೊರ್ ಚೊರ್ ಎಂದು ತಂಬಿಗೆಯ ಸದ್ದು, ಇವೆರಡೇ. ಆಮೇಲೆ ಯಜಮಾನತಿ ನೊರೆ ಉಕ್ಕುವ ತಂಬಿಗೆ ಎತ್ತಿ ತೋರಿಸಿದಾಗ ಬಿದ್ದ ಚಪ್ಪಾಳೆ, ಶಿಳ್ಳೆ ನಮ್ಮ ಯಾವ ಹಾಡಿಗೂ ಬಿದ್ದಿರಲಿಲ್ಲ.

ಸಾಮಾನು ಕಟ್ಟುವಾಗ ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಆತು, ನೀ ಇರಪಾ" ಎಂದರು. ಆಮೇಲೆ ಮನೆಯ ಯಜಮಾನರತ್ತ ತಿರುಗಿ, "ಪ್ರೋಗ್ರಾಂ ಹ್ಯಾಂಗಾತ್ರಿ ಗೌಡ್ರ?" ಎಂದು ಕೇಳಿದರು.

"ಭಾಳ ಛಲೋ ಆತ್ರಿ. ನಾಳೆನೂ ಬೇಕ್ರಿ ನಮಗ."

ಮಾಲೀಕರ ಮುಖ ಅರಳಿತು. "ಅದಕ್ಕೇನ್ರಿ, ಎಲ್ಲಾರೂ ಬರ್ತೇವಿ."

"ಎಲ್ಲಾರೂ ಯಾಕ್ರಿ? ಹಾಡೋರು ಆರಾಮ ಮನ್ಯಾಗ ಇರ್ಲಿ. ಇವ್ರನ್ನಷ್ಟ ಮುಂಜಾನೆ ಹಾಲ ಹಿಂಡೂ ಹೊತ್ತಿಗೆ ಕಳಸ್ರಿ."