ಕೆವಿನ್ನನ ಗಿಟಾರು, ನನ್ನ ತಲೆ

ತಲೆದೂಗುವುದು ನಮ್ಮ ವಂಶದ ವಿದ್ಯೆ. ನನಗೆ ಹಾಡಲು ಬರುವುದಿಲ್ಲ, ತಾಳ ಹಾಕಲು ಹೋದರೆ ಏಟು ಪಕ್ಕದವರ ತೊಡೆಗೆ ಬೀಳುತ್ತದೆ. ಆದರೆ ಕಣ್ಣು ಮುಚ್ಚಿ, ‘ತ್ಚು ತ್ಚು’ ಎನ್ನುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುವುದನ್ನು ಮೈಸೂರಿನ ರಾಮೋತ್ಸವದ ಪೆಂಡಾಲುಗಳಲ್ಲಿ ಶ್ರದ್ಧೆಯಿಂದ ಕಲಿತವನು ನಾನು. ನಮ್ಮ ತಂದೆ ಮುಂದಿನ ಸಾಲಿನಲ್ಲಿ ಕೂತರೆ ಪಿಟೀಲಿನವರು ಅವರ ತಲೆಯನ್ನೇ ನೋಡಿಕೊಂಡು ನುಡಿಸುತ್ತಿದ್ದರು. ಗಣಿ ಕಂಪನಿಯ ಕೆಲಸಕ್ಕೆಂದು ಪರ್ತ್‌ಗೆ ಬಂದ ಮೇಲೆ ಈ ವಿದ್ಯೆಗೆ ತುಕ್ಕು ಹಿಡಿಯತೊಡಗಿತು. ಕಬ್ಬಿಣದ ಅದಿರಿನ ಮುಂದೆ ಕೂತು ಎಷ್ಟೆಂದು ತಲೆದೂಗುವುದು?

ಹಾಗಿರುವಾಗ ಪಕ್ಕದ ಮನೆಯಲ್ಲಿ ಕೆವಿನ್ ಸಿಕ್ಕಿದ. ಎಪ್ಪತ್ತು ದಾಟಿದವನು, ‘ಅವರು’ ಎನ್ನಬೇಕು. ಆದರೆ ಬಹುವಚನ ಕೊಟ್ಟರೆ ಬೇಜಾರು ಮಾಡಿಕೊಳ್ಳುವ ದೇಶವಿದು. ಅವನು ನುಡಿಸುವುದು ಪೆಡಲ್ ಸ್ಟೀಲ್ ಗಿಟಾರ್. ನೋಡಲು ಹೊಲಿಗೆ ಯಂತ್ರದ ಮೇಲೆ ವೀಣೆ ಮಲಗಿಸಿದಂತಿರುತ್ತದೆ. ಎಡಗೈ ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಬೇಕು, ಬಲಗೈ ಮೀಟಬೇಕು, ಪಾದ ಪೆಡಲ್ ಒತ್ತಬೇಕು, ಸಾಲದ್ದಕ್ಕೆ ಮೊಣಕಾಲಿಗೂ ಕೆಲಸ. ನನಗೆ ಕಾರಿನ ಕ್ಲಚ್ಚೇ ಹೆಚ್ಚು. ಯೌವನದಿಂದಲೂ ಬ್ರಿಸ್ಬೇನ್, ಅಡಿಲೇಡ್ ಎಂದು ವ್ಯಾನಿನಲ್ಲಿ ಅಲೆಯುತ್ತ ಕಂಟ್ರಿ ರಾಕ್ ತಂಡಗಳಿಗೆ ನುಡಿಸಿದ್ದಾನೆ. ದೀಪ, ಚಪ್ಪಾಳೆ ಎಲ್ಲ ಹ್ಯಾಟು ಹಾಕಿ ಮುಂದೆ ನಿಂತ ಗಾಯಕನಿಗೆ. ಇವನ ಜಾಗ ಹಿಂದೆ, ಡ್ರಮ್ಮಿನ ಮಗ್ಗುಲಲ್ಲಿ. ವಿರಹದ ಹಾಡಿಗೆ ಜನ ಅತ್ತದ್ದು ಮಾತ್ರ ಇವನ ತಂತಿಯಿಂದ. ಅವನ ಹಳೆಯ ರೆಕಾರ್ಡುಗಳಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರಿ ಸೇರುವುದನ್ನು ಕೇಳಿದ ದಿನವೇ ನಾನು ಶರಣಾದೆ. ಅದು ಅಪ್ಪಟ ಗಮಕ.

ಕಳೆದ ತಿಂಗಳು ಫ್ರೀಮ್ಯಾಂಟಲಿನ ಪಬ್ಬೊಂದರಲ್ಲಿ ಅವನ ಬೀಳ್ಕೊಡುಗೆಯ ಕಾರ್ಯಕ್ರಮ ನಿಗದಿಯಾಯಿತು. ಜೀವಮಾನದಲ್ಲಿ ಮೊದಲ ಸಲ ಅವನು ಮುಂದೆ ಕೂರಬೇಕು. ಬೆರಳುಗಳು ಬಿಗಿದುಕೊಳ್ಳುತ್ತಿವೆ, ಇನ್ನು ತನ್ನಿಂದ ಆದೀತೇ ಎಂಬ ಅಳುಕು. ನೀನು ಸಂಗೀತ ಕೇಳಿ ಬೆಳೆದವನು, ಕೇಳಿ ನಿಜ ಹೇಳು ಎಂದು ನನ್ನನ್ನು ಗ್ಯಾರೇಜಿಗೆ ಕರೆದ. ಅವನು ಶುರುಮಾಡಿದ, ನಾನೂ ಶುರುಮಾಡಿದೆ. ಕಣ್ಣು ಮುಚ್ಚಿದೆ, ತಲೆ ಆಡಿಸಿದೆ, ಮನಸಾರೆ ‘ತ್ಚು ತ್ಚು’ ಎಂದೆ. ಒಂದು ಜಾಗದಲ್ಲಂತೂ ತಡೆಯಲಾರದೆ ಹಣೆ ಬಡಿದುಕೊಂಡೆ. ಮೂರನೆಯ ಹಾಡಿನ ನಡುವೆ ಅವನು ನಿಲ್ಲಿಸಿ, ‘ಥ್ಯಾಂಕ್ಸ್ ಮೇಟ್’ ಎಂದು ವಾದ್ಯಕ್ಕೆ ಬಟ್ಟೆ ಹೊದಿಸಿದ. ಸಂತೋಷ ತಡೆಯಲಾಗದೆ ನಿಲ್ಲಿಸಿರಬೇಕು ಎಂದುಕೊಂಡು ನಾನು ಮನೆಗೆ ಬಂದೆ.

ಮರುದಿನ ಬಟ್ಟೆ ಒಣಹಾಕಲು ಹೋಗಿದ್ದ ನನ್ನ ಹೆಂಡತಿ ಸುಮಾ, ಬೇಲಿಯಾಚೆಯ ಸುದ್ದಿ ತಂದಳು.

“ರೀ, ಕೆವಿನ್ ಪ್ರೋಗ್ರಾಮೇ ಕ್ಯಾನ್ಸಲ್ ಮಾಡ್ತಾರಂತೆ. ನೀವು ಮೊದಲಿಂದ ಕೊನೇವರೆಗೂ ಬೇಡ ಬೇಡ ಅಂತ ತಲೆ ಆಡಿಸ್ತಿದ್ರಂತೆ. ನಿನ್ನ ಗಂಡ ಒಳ್ಳೇ ಮನುಷ್ಯ, ಬಾಯಿಬಿಟ್ಟು ಹೇಳ್ಲಿಲ್ಲ ಅಂದ್ರು.”

ಮೆಚ್ಚಿ ಕೊಲ್ಲುವುದೆಂದರೆ ಇದೇ. ಉಟ್ಟ ಪಂಚೆಯಲ್ಲೇ ಪಕ್ಕದ ಮನೆಗೆ ಓಡಿ, ಫೋನಿನಲ್ಲಿ ನಮ್ಮೂರಿನ ಕಛೇರಿಯೊಂದನ್ನು ಹಾಕಿ ತೋರಿಸಿದೆ. ಗಾಯಕರು ರಾಗದಲ್ಲಿ ಮುಳುಗಿದ್ದರು, ಮುಂದಿನ ಸಾಲಿನ ತಲೆಗಳೆಲ್ಲ ಇಲ್ಲ ಇಲ್ಲ ಎನ್ನುತ್ತಿದ್ದವು. ಕೆವಿನ್ ಬಹಳ ಹೊತ್ತು ನೋಡಿದ.

“ಹಾಗಾದ್ರೆ ಇವರ್ಯಾರಿಗೂ ನೋವಾಗ್ತಾ ಇಲ್ಲ?” ಎಂದು ಕೇಳಿದ.

ಶನಿವಾರ ಅವನು ನುಡಿಸಿದ. ನಮ್ಮೂರ ಕಡೆಯ ಸ್ನೇಹಿತರನ್ನೆಲ್ಲ ಕಟ್ಟಿಕೊಂಡು ಹೋಗಿ ಮುಂದಿನ ಸಾಲು ಹಿಡಿದಿದ್ದೆವು. ಈ ಸಾಲಿನವರು ತಲೆ ಆಡಿಸಿದರೆ ಯಾರೂ ಹೆದರಬೇಡಿ, ಅದು ಮೆಚ್ಚುಗೆ ಎಂದು ಕೆವಿನ್ ಮೊದಲೇ ಘೋಷಿಸಿಬಿಟ್ಟ. ಬೆರಳು ಎರಡು ಕಡೆ ತಡವರಿಸಿತು. ಅವನು ನನ್ನ ತಲೆಯತ್ತ ನೋಡಿದ, ಅದು ಆಡುತ್ತಿತ್ತು, ಮುಂದುವರಿದ. ಕೊನೆಯ ಹಾಡಿಗೆ ನಾನು ನಾಚಿಕೆ ಬಿಟ್ಟು ಅತ್ತೆ.

ಮನೆಗೆ ಬರುವಾಗ ಕಾರಿನಲ್ಲಿ ಸುಮಾ, ಮದುವೆಯಾದಾಗಿನಿಂದ ನನ್ನ ಸಾರು ಉಣ್ಣುತ್ತಿದ್ದೀರಿ, ಒಂದು ದಿನವಾದರೂ ಹೀಗೆ ತಲೆದೂಗಿದ್ದುಂಟೇ ಎಂದಳು. ನ್ಯಾಯವಾದ ಮಾತು. ನಿನ್ನೆ ಮೊದಲ ತುತ್ತಿಗೇ ಕಣ್ಣು ಮುಚ್ಚಿ, ತಲೆ ಆಡಿಸಿ, ಕೆವಿನ್ನನಿಗೆ ಸಲ್ಲಿಸಿದಷ್ಟೇ ಭಕ್ತಿಯಿಂದ ‘ತ್ಚು ತ್ಚು’ ಎಂದೆ.

“ಯಾಕ್ರೀ,” ಎಂದಳು ಸುಮಾ ಗಾಬರಿಯಿಂದ, “ಉಪ್ಪು ಜಾಸ್ತಿ ಆಯ್ತಾ?”