ಹೊಟ್ಟೆ ಖಾಲಿ, ಕೈ ಖಾಲಿ

ಆಪರೇಶನ್ ಮಾಡುವುದು ಡಾಕ್ಟರು ಅಂತ ಲೋಕವೆಲ್ಲ ತಿಳಿದಿದೆ. ತಿಳಿಯಲಿ ಬಿಡಿ. ಪೇಶಂಟನ್ನು ಟೇಬಲ್ಲಿನವರೆಗೆ ಮುಟ್ಟಿಸುವುದು, ಆಮೇಲೆ ಎಬ್ಬಿಸಿ ನಡೆಸುವುದು ನಾವು ನರ್ಸುಗಳು. ತೊಂಬತ್ತರ ದಶಕದಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆ ಕೆಲಸ ನನ್ನದಾಗಿತ್ತು. ನಾನು ಉಡುಪಿ ಕಡೆಯವಳು, ಬಾಯಿ ಸ್ವಲ್ಪ ಜೋರು. ಜೋರಿಲ್ಲದವರು ಈ ಕೆಲಸಕ್ಕೆ ಬರಲೇಬಾರದು ಮಾರಾಯ್ರೆ, ದಿನ ಬೆಳಗಾದರೆ ಇಂಥದೇ.

೧. ಮೊಸರು ಸಕ್ಕರೆ

ಹೋಟೆಲಿನ ಕ್ಯಾಶಿಯರ್ ಒಬ್ಬರಿಗೆ ಹರ್ನಿಯಾ ಆಪರೇಶನ್. ರಾತ್ರಿಯಿಂದ ಹನಿ ನೀರೂ ಕೊಡಬೇಡಿ ಎಂದು ಅವರ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದೆ. ಪಾಪ, ಅವರು ಕೊಡಲಿಲ್ಲ. ಬೆಳಿಗ್ಗೆ ಅವರ ಚಾಳಿನ ಅಕ್ಕಪಕ್ಕದ ಮನೆಯವರು ಬಂದರು. ಮುಖ್ಯ ಕೆಲಸಕ್ಕೆ ಹೊರಟವರ ಅಂಗೈಗೆ ಮೊಸರು ಸಕ್ಕರೆ ಹಾಕಿ ಕಳಿಸುವುದು ಆ ಕಡೆಯ ಪದ್ಧತಿ. ನಾನು ಸ್ಟ್ರೆಚರ್ ತರುವಷ್ಟರಲ್ಲಿ ಏಳು ಮನೆಯ ಏಳು ಹೆಂಗಸರು ಒಂದೊಂದು ಚಮಚ ಹಾಕಿ ಮುಗಿಸಿದ್ದರು. ಕ್ಯಾಶಿಯರ್ ಅಂಗೈ ನೆಕ್ಕುತ್ತಿದ್ದರು.

ನಮ್ಮ ಡಾಕ್ಟರು ಮರಾಠಿಯವರು. ಹುಬ್ಬಳ್ಳಿಯಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು, ಸಿಟ್ಟು ಬಂದರೆ ಮಾತ್ರ ಮರಾಠಿ. ಅಂದು ಆಪರೇಶನ್ ರದ್ದು ಮಾಡಿ ಎರಡರಲ್ಲೂ ಬೈದರು. "ಇನ್ನೊಂದು ಕೇಸ್ ಹೀಗೆ ವಾಪಸಾದರೆ ನೀನು ಮನೆಗೆ!"

ಆ ಕೆಲಸ ಬಿಟ್ಟರೆ ನನಗೆ ಆ ಊರಲ್ಲಿ ಬೇರೆ ಗತಿ ಇರಲಿಲ್ಲ. ಆದರೆ ಸುಮ್ಮನಿರಲಿಕ್ಕೆ ಈ ಬಾಯಿ ಕೇಳಬೇಕಲ್ಲ!

"ಆಗ್ಲಿ ಡಾಕ್ಟ್ರೇ. ಹೊರಡುವಾಗ ನನಗೂ ಒಂದು ಚಮಚ ಹಾಕಿ ಕಳಿಸಿ" ಎಂದೆ.

೨. ವಿನಂತಿ ಪತ್ರ

ಹೊಟ್ಟೆಯ ಆಪರೇಶನ್ ಆದವರಿಗೆ ಗಾಳಿ ಹೋಗುವವರೆಗೆ ನಮ್ಮಲ್ಲಿ ತಿನ್ನಲಿಕ್ಕೆ ಕೊಡುತ್ತಿರಲಿಲ್ಲ. ಕರುಳು ಕೆಲಸ ಶುರು ಮಾಡಿದೆ ಎನ್ನುವುದಕ್ಕೆ ಅದೇ ಗುರುತು. ಧಾರವಾಡ ಕಡೆಯ ರಾಯರೊಬ್ಬರಿದ್ದರು, ರಿಟೈರ್ಡ್ ಹೆಡ್ ಕ್ಲಾರ್ಕ್. ಸೊಸೆ ಪಕ್ಕದಲ್ಲೇ ಕೂತಿದ್ದಾಗ ನಾನು ಕೇಳಿದೆ, "ರಾಯರೇ, ಗಾಳಿ ಹೋಯ್ತಾ?"

ರಾಯರು ಗೋಡೆಯ ಕಡೆ ತಿರುಗಿಬಿಟ್ಟರು. "ಹೆಣ್ಮಕ್ಕಳು ಕೇಳೋ ಮಾತೇನ್ರೀ ಇದು?"

"ಹೇಳದಿದ್ರೆ ಗಂಜಿ ಇಲ್ಲ."

"ಬ್ಯಾಡ."

ಮರುದಿನ ಬೆಳಿಗ್ಗೆ ಹಸಿವು ಗೆದ್ದಿತು. ಆದರೂ ಬಾಯಿ ಬಿಡಲಿಲ್ಲ ಪುಣ್ಯಾತ್ಮರು, ದಿಂಬಿನಡಿಯಿಂದ ಒಂದು ಚೀಟಿ ತೆಗೆದು ಕೊಟ್ಟರು. "ಮಾನ್ಯರೇ, ತಾವು ಮೇಲಿಂದ ಮೇಲೆ ವಿಚಾರಿಸಿದ ವಿಷಯವು ಇಂದು ಬೆಳಿಗ್ಗೆ ಸುಸೂತ್ರವಾಗಿ ನೆರವೇರಿರುತ್ತದೆ. ಕಾರಣ ಗಂಜಿ ಮಂಜೂರು ಮಾಡಬೇಕಾಗಿ ವಿನಂತಿ."

ನಗು ತಡೆದುಕೊಂಡು "ಮಂಜೂರು" ಎಂದು ಬರೆದು ಫೈಲಿಗೆ ಸೇರಿಸಿದೆ. ಹಿಂದಿನಿಂದ ಕರೆದರು, "ಸಿಸ್ಟರ್, ನಕಲು ಪ್ರತಿ ನನಗೊಂದು ಕೊಡ್ರಿ."

೩. ಹಸಿರು ಬಳೆ

ಕಲಬುರಗಿ ಕಡೆಯಿಂದ ಬಂದು ನಮ್ಮ ಪಕ್ಕದ ಊರು ಕಲ್ಯಾಣದಲ್ಲಿ ಗಂಡನ ಜೊತೆ ಕಟ್ಟಡದ ಕೆಲಸ ಮಾಡುವ ಹೆಂಗಸು. ಗರ್ಭಕೋಶದ ಆಪರೇಶನ್. ತಿಂಗಳುಗಟ್ಟಲೆ ರಕ್ತ ಹೋಗಿ ಬಿಳಿಚಿಕೊಂಡಿದ್ದಳು, ಮುಂದೂಡುವ ಹಾಗೇ ಇರಲಿಲ್ಲ. ಸಲಾಯಿನ್ ಹಚ್ಚಬೇಕಾದ ಕೈತುಂಬ ಹಸಿರು ಗಾಜಿನ ಬಳೆ. ತೆಗೆಯಮ್ಮ ಎಂದೆ.

"ಗಂಡ ಎದುರಿಗೇ ನಿಂತಾನ, ನಾ ಯಾಕ ಬಳಿ ತಗೀಲ್ರೀ ಅಕ್ಕಾರ? ತಗದು ಒಳಗ ಹೋದ ಮ್ಯಾಲ ಅಂವಗ ಏನರ ಆದ್ರ?"

"ಆಪರೇಶನ್ ನಿನಗೆ ಮಾರಾಯ್ತಿ, ಅವನಿಗಲ್ಲ!"

"ನಾ ಇಲ್ಲಂದ್ರ ಅಂವಗ ನೀರು ಕುಡ್ಯಾಕೂ ತಿಳಿಯಂಗಿಲ್ರೀ."

ಈ ಕೇಸ್ ವಾಪಸಾದರೆ ಅವಳ ಜೀವಕ್ಕೂ ಸಂಚಕಾರ, ನನ್ನ ಕೆಲಸಕ್ಕೂ. ಯಾರನ್ನೂ ಕೇಳದೆ ಒಪ್ಪಂದ ಮಾಡಿಕೊಂಡೆ. ಬಳೆಯ ಬದಲು ಕೈಗೆ ಅರಿಶಿನದ ದಾರ. ಗಂಡ ಆ ಬಳೆಗಳನ್ನು ಹಿಡಿದು ಥೇಟರಿನ ಬಾಗಿಲ ಹೊರಗೆ ಅಲ್ಲಾಡಿಸುತ್ತ ನಿಲ್ಲಬೇಕು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಗೆ ಮಾತ್ರ ಜೋಮು ಹಿಡಿಸುವುದರಿಂದ ಅವಳಿಗೆ ಎಚ್ಚರ ಇರುತ್ತದೆ. ಸದ್ದು ಕೇಳಿದರೆ ಗಂಡ ಇದ್ದಾನೆ ಅಂತ ಸಮಾಧಾನ. ಸಾಬೂನು ನೀರು ಹಚ್ಚಿ, ಒಂದೂ ಒಡೆಯದಂತೆ ಎಲ್ಲ ಬಳೆ ತೆಗೆದೆ.

ಹೊರಗೆ ಯಾರಾದರೂ ಕೆಮ್ಮಿದರೂ ಎಗರಾಡುವ ಡಾಕ್ಟರು ಆ ಝಣಝಣ ಕೇಳಿ ಕಣ್ಣು ಕೆಕ್ಕರಿಸಿದರು.

"ಅದು ನಿಂತರೆ ಪೇಶಂಟ್ ಎದ್ದು ಹೋಗ್ತಾಳೆ. ನೀವೇ ನೋಡಿಕೊಳ್ಳಿ" ಎಂದೆ. ಹಲ್ಲು ಕಚ್ಚಿ ಕೆಲಸ ಶುರು ಮಾಡಿದರು.

ಎಲ್ಲ ಚೆನ್ನಾಗಿಯೇ ನಡೆಯಿತು. ಹೊಲಿಗೆ ಹಾಕುವ ಹೊತ್ತಿಗೆ ಸದ್ದು ನಿಂತಿತು.

"ಅಯ್ಯೋ, ಏನಾತ್ರೀ ಅಂವಗ?" ಎಂದು ಅವಳು ತಲೆ ಎತ್ತಿ ಏಳಲು ಹೊರಟಳು. ಡಾಕ್ಟರ ಕೈಯಲ್ಲಿ ಸೂಜಿ ಅಲ್ಲೇ ನಿಂತಿತು. "ಸಿಸ್ಟರ್!"

"ಡಾಕ್ಟ್ರೇ, ಈಗ ನಾನು ಮನೆಗೆ ಹೋಗ್ಲಾ, ಇವಳ ಗಂಡನನ್ನು ಹುಡುಕ್ಲಾ?"

"ಹುಡುಕು ತಾಯೀ!"

ಮಹಾನುಭಾವ ಗೇಟಿನ ಹತ್ತಿರ ಕಟಿಂಗ್ ಚಹಾ ಕುಡಿಯುತ್ತಿದ್ದ. "ಕೈ ಸೋತಿತ್ರೀ" ಎಂದ. ರಟ್ಟೆ ಹಿಡಿದು ಎಳೆದು ತಂದೆ. ನಾವು ಬಾಗಿಲು ಮುಟ್ಟುವ ಮೊದಲೇ ಒಳಗಿಂದ ಡಾಕ್ಟರು ಇಡೀ ನರ್ಸಿಂಗ್ ಹೋಮಿಗೆ ಕೇಳುವಂತೆ ಕೂಗುತ್ತಿದ್ದರು, "ಬಾಂಗಡ್ಯಾ ವಾಜವ್ ರೇ! ಬಳೆ ಅಲ್ಲಾಡಿಸೋ, ನಿನ್ನ ಕಾಲಿಗೆ ಬೀಳ್ತೀನಿ!"

ಅವನು ಎರಡೂ ಕೈಯಲ್ಲಿ ಅಲ್ಲಾಡಿಸಿದ. ನಾನು ಒಳಗೆ ಇಣುಕಿದೆ. ಅವಳು ನಿಧಾನಕ್ಕೆ ತಲೆ ಕೆಳಗಿಟ್ಟು, ಡಾಕ್ಟರಿಗೆ ಅಪ್ಪಣೆ ಕೊಟ್ಟಳು: "ಹೂಂ, ನೀವಿನ್ನ ಹೊಲೀರಿ ಸಾಹೇಬ್ರ. ಜೀವಂತ ಅದಾನ."