ಎದುರು ಮನೆಯ ಎಂಟುನೂರ ಹತ್ತು

ಈಶ್ವರಿ ಬಾಗಿಲಲ್ಲಿ ಕುಳಿತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಎದುರು ಮನೆಯ ಶಿವಕಾಂತಾ ಹೊಸ ಸ್ಕೂಟಿಯನ್ನು ಕೂಸಿನ ಮೈ ಒರೆಸಿದಂತೆ ಒರೆಸುತ್ತಿದ್ದಳು. ಅವಳು ಒಮ್ಮೆ ಒರೆಸಿದರೆ ಇವಳ ಬೆರಳಿಗೆ ಒಮ್ಮೆ ಸೂಜಿ ಚುಚ್ಚುತ್ತಿತ್ತು.

ಸ್ಕೂಟಿ ಈಶ್ವರಿಗೂ ಬೇಕಿತ್ತು. ಅವಳು ಬಸ್ಸು ಕಾಯ್ದು ಬ್ಲೌಸು ಮುಟ್ಟಿಸುವಷ್ಟರಲ್ಲಿ ಜನವಾಡದ ಗಿರಾಕಿಗಳ ಮದುವೆಯೇ ಮುಗಿದಿರುತ್ತಿತ್ತು. ಆದರೆ ನಿನ್ನೆ ಶೋರೂಮಿನವರು ಅವಳ ಕ್ರೆಡಿಟ್ ಸ್ಕೋರ್ ನೋಡಿ, ಆರುನೂರ ನಲವತ್ತಕ್ಕೆ ಸಾಲ ಹುಟ್ಟದು ಎಂದು ಚಹಾ ಕುಡಿಸಿ ಕಳಿಸಿದ್ದರು. ಶಿವಕಾಂತಾಳದು ಎಂಟುನೂರ ಹತ್ತು. ಅದನ್ನವಳು ಮಗಳ ಮಾರ್ಕ್ಸಿನಂತೆ ಓಣಿ ತುಂಬ ಹೇಳಿಕೊಂಡು ಬಂದಿದ್ದಳು.

ಒಂದು ಕಂತೂ ತಪ್ಪಿಸದ ತನಗೇಕೆ ಕಡಿಮೆ? ಹೊಟ್ಟೆಯುರಿ ತಾಳದೆ ಈಶ್ವರಿ ಬ್ಯಾಂಕಿಗೆ ಹೋದಳು. ಅಲ್ಲಿಯ ಧಮ್ಮಪಾಲ ಕಂಪ್ಯೂಟರ್ ನೋಡಿದ.

"ಕಂತು ಬರೋಬ್ಬರಿ ಕಟ್ಟೀರಿ ಅಕ್ಕಾ. ಆದ್ರ ಐವತ್ತು ಸಾವಿರದ ಕಾರ್ಡಿನ್ಯಾಗ ನಲವತ್ತೇಳು ಬಳಸೀರಿ. ಗಡಗಿ ಯಾವಾಗ್ಲೂ ಕಂಠಮಟ ತುಂಬಿದ್ರ ಇನ್ನೊಂದು ತಂಬಗಿ ಹಾಕ್ಲಾಕ ಯಾರಿಗಾದ್ರೂ ಅಂಜಿಕಿ ಬರ್ತದಲ್ರಿ."

ಬಳಕೆ ಮಿತಿಯ ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿರಬೇಕು, ಇಳಿಸಿದರೆ ಮುಂದಿನ ತಿಂಗಳ ಲೆಕ್ಕ ಸ್ಕೋರಿನವರಿಗೆ ಹೋದಾಗ ಸ್ಕೋರ್ ಏರುತ್ತದೆ ಎಂದ. ಏನು ಕೊಂಡಿರಿ ಎಂದೂ ಕೇಳಿದ.

"ಫ್ರಿಜ್ಜು, ವಾಷಿಂಗ್ ಮಷೀನು," ಎಂದು ಈಶ್ವರಿ ನೆಲ ನೋಡಿದಳು.

ಓಣಿಯ ಹೆಂಗಸರು ಕೂಡಿ ಹಾಕುವ ಭಿಶಿ ಚೀಟಿ ಈ ಸಲ ಅವಳಿಗೆ ಎದ್ದಿತ್ತು. ಸ್ಕೂಟಿಗೆ ಮೊದಲು ಕಟ್ಟಲೆಂದು ಜೋಳದ ಡಬ್ಬಿಯಲ್ಲಿಟ್ಟಿದ್ದ ಆ ದುಡ್ಡನ್ನೆಲ್ಲ ತಂದು ಕಾರ್ಡಿಗೆ ಸುರಿದಳು. ಆಟೋದಲ್ಲಿ ಬರುವಾಗ ಪಕ್ಕದ ಮನೆಯ ಇಮಾಮಬೀ ಸಿಕ್ಕಳು. ಎಂದೂ ಬಾಯಿ ಬಿಡದ ಈಶ್ವರಿ ಅಂದು ಬಿಟ್ಟಳು: ಕಾರ್ಡ್ ಪೂರಾ ಖಾಲಿ, ಮುಂದಿನ ತಿಂಗಳು ತನ್ನದೂ ಎಂಟುನೂರು. ಇಮಾಮಬೀಗೆ ಹೇಳುವುದೆಂದರೆ ಮಸೀದಿಯ ಮೈಕಿಗೆ ಹೇಳಿದಂತೆಯೇ. ಆಟೋ ನಿಲ್ಲುವ ಮೊದಲೇ ಅವಳು ಇಳಿದಿದ್ದಳು.

ಸಂಜೆ ಈಶ್ವರಿ ಗಡಗಿಯ ನೀರು ಮೊಗೆದು ಕುಡಿಯುವಾಗ ಫೋನು ಗುಂಯ್‌ಗುಟ್ಟಿತು. ಫರ್ನಿಚರ್ ಅಂಗಡಿಯಲ್ಲಿ ಅವಳ ಕಾರ್ಡಿನಿಂದ ನಲವತ್ತಾರು ಸಾವಿರ ಹೋಗಿತ್ತು. ಮೆಸೇಜು ಓದಿ ಮುಗಿಸುವಷ್ಟರಲ್ಲಿ ಎದುರು ಮನೆಯ ಮುಂದೆ ಟೆಂಪೋ ನಿಂತಿತು, ಸೋಫಾ ಇಳಿಯಿತು, ಹಿಂದೆಯೇ ಸ್ಕೂಟಿಯಿಂದ ಶಿವಕಾಂತಾ ಇಳಿದಳು.

"ನಿನ್ನ ಕಾರ್ಡ್ ಖಾಲಿ ಆಗ್ಯಾದಂತ ಇಮಾಮಬೀ ಹೇಳಿದ್ಳವಾ. ಫ್ರಿಜ್ಜು, ಮಷೀನಿನಂಗ ಇದರ ಕಂತೂ ತಿಂಗಳಾ ತಿಂಗಳಾ ನಿನ್ನ ಕೈಯಾಗೇ ಕೊಡ್ತೇನಿ, ಅಂಜಬ್ಯಾಡ."

"ನಿಮಗೂ ಕಾರ್ಡ್ ಅದಲ್ರಿ ಅಕ್ಕಾ."

"ಅದಕ್ಕ ಹಚ್ಚಿದ್ರ ನನ್ನ ಸ್ಕೋರ್ ಬೀಳ್ತದ."

ನಿನ್ನ ಕಾರ್ಡಿಗೆ ಡಿಸ್ಕೌಂಟು ಅದ ಎಂದು ಹೋದ ದೀಪಾವಳಿಯಲ್ಲಿ ಶಿವಕಾಂತಾ ಅದನ್ನು ಹೆಪ್ಪು ಒಯ್ದಂತೆ ಒಯ್ದಿದ್ದಳು. ಹೆಪ್ಪಾದರೆ ತಿರುಗಿ ಬರುತ್ತದೆ.

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅದರ ಕಾಲು ಯಾವ ಕಡೆ ತಿರುಗಿಸಬೇಕೆಂದು ಓಣಿಯೆಲ್ಲ ಹೇಳಿಕೊಡತೊಡಗಿತು. ಶಿವಕಾಂತಾಳ ಮಗಳು ಹಮಾಲರಿಗೆ ಫ್ರಿಜ್ಜಿನ ತಣ್ಣೀರು ತಂದಳು.

"ಅಕ್ಕಾ, ನನ್ನ ಕಾರ್ಡ್ ಕೊಡ್ರಿ," ಎಂದಳು ಈಶ್ವರಿ.

ಸೋಫಾ ಒಳಗೆ ಹೋಯಿತು, ಹಿಂದೆಯೇ ಕಾರ್ಡಿನ ಸಮೇತ ಶಿವಕಾಂತಾಳೂ.